ಆ ಕೊಡೆ ಹಿಡಿದ ಕೈ

ಮಠದ ಪ್ರಸಾದನಿಲಯಕ್ಕೆ ತಾವು ಮೊದಲು ಕಾಲಿಟ್ಟ ದಿನ ತಮಗೆ ನೆನಪಿದೆಯೇ? ನನಗಿತ್ತು. 1962ರ ಜೂನ್ ತಿಂಗಳು. ಜಡಿಮಳೆ. ತುಂಗೆಯ ಕೆನ್ನೀರು ಸೇತುವೆಯ ಕಂಬಗಳನ್ನು ಬಡಿಯುತ್ತಿತ್ತು. ಬಿದಿರುಹಿಡಿಯ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು, ಸ್ವತಃ ತೊಯ್ಯುತ್ತ, ತಂದೆಯವರು ನನ್ನನ್ನು ನಿಲಯದ ಬಾಗಿಲವರೆಗೆ ಕರೆತಂದರು. ಮರುವರ್ಷವೇ ಅವರು ಲಿಂಗೈಕ್ಯರಾದುದರಿಂದ ಆ ಕೊಡೆಯ ನೆರಳೇ ನನ್ನ ಪಿತ್ರಾರ್ಜಿತವೆಂದು ಎಷ್ಟೋ ಸಭೆಗಳಲ್ಲಿ ಹೇಳಿಕೊಂಡಿದ್ದೇನೆ.

ಈಚೆಗೆ ಶಿವಮೊಗ್ಗೆಯ ವಿನೋಬನಗರದ ನಮ್ಮ ಮನೆಗೆ ಬಂದಿದ್ದ ಅಕ್ಕ ಈ ಕಥೆ ಕೇಳಿ, "ಅಪ್ಪ ಆ ದಿನ ಬಂದೇ ಇರಲಿಲ್ಲವಲ್ಲೋ! ಜ್ವರ ಬಂದು ಹಾಸಿಗೆ ಹಿಡಿದಿದ್ದರು. ನಿನ್ನನ್ನು ಬಿಟ್ಟುಬಂದವರು ಸೋದರಮಾವ. ಕೊಡೆಯೂ ಅವರದೇ" ಎಂದಳು. ನಾನು ವಾದಿಸಿದೆ. ಎಂಬತ್ತರ ಅಕ್ಕ ಮಾತು ಬದಲಿಸಲಿಲ್ಲ.

ಇಷ್ಟು ವರ್ಷ ಸುಳ್ಳಾಡಿದೆನೇ ಎಂಬ ಅಳುಕಿನಿಂದ ಮನಶ್ಶಾಸ್ತ್ರದ ಪುಸ್ತಕಗಳನ್ನು ತೆರೆದೆ. ನೆನಪು ಪೆಟ್ಟಿಗೆಯಿಂದ ಹೊರತೆಗೆಯುವ ವಸ್ತುವಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವಂಥದು ಎಂದು ಬಾರ್ಟ್‌ಲೆಟ್ ಎಂಬ ಆಂಗ್ಲ ವಿದ್ವಾಂಸರು 1932ರಲ್ಲಿಯೇ ಬರೆದಿದ್ದರು. ಮಿದುಳಿನ ಒಳಭಾಗದಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಬಾಗಿದ ಅಂಗವೊಂದಿದೆ. ಅದು ಕೆಟ್ಟು ನೆನಪು ಕಳೆದುಕೊಂಡಿದ್ದ ಐವರಿಗೆ, ಕಡಲತೀರದಂಥ ದೃಶ್ಯಗಳನ್ನು ಕಲ್ಪಿಸಿಕೊಳ್ಳುವಂತೆ ಲಂಡನ್ನಿನ ಸಂಶೋಧಕರು ಹೇಳಿದರಂತೆ. ಆ ವರದಿ ಪ್ರಕಟವಾದುದು 2007ರಲ್ಲಿ. ನಾಲ್ವರಿಂದ ಅದು ಸರಿಯಾಗಿ ಆಗಲಿಲ್ಲ. ನೆನೆಯುವುದಕ್ಕೆ ಬೇಕಾದ ಅಂಗವೇ ಕಲ್ಪಿಸುವುದಕ್ಕೂ ಬೇಕು! ನಿಜವಾಗಿ ಕಂಡದ್ದನ್ನು ನೆನೆಯುವಾಗ ದೃಷ್ಟಿಗೆ ಸಂಬಂಧಿಸಿದ ಭಾಗಗಳು ತುಸು ಹೆಚ್ಚು ಎಚ್ಚರಗೊಳ್ಳುವುದು ಕೆಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ಅದು ಅನೇಕರನ್ನು ಪರೀಕ್ಷಿಸಿ ತೆಗೆದ ಸರಾಸರಿ. ಒಂದು ಕೊಡೆಯ ವ್ಯಾಜ್ಯವನ್ನು ತೀರಿಸುವ ಸಾಕ್ಷಿಯಲ್ಲ.

ನಮಗೆ ಇದು ತೀರ ಹೊಸತೂ ಅಲ್ಲ. 12ನೆಯ ಶತಮಾನದ ಶರಣರ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂವಾದವಾಗಿ ಜೋಡಿಸಿ ಶೂನ್ಯಸಂಪಾದನೆಯನ್ನು ರಚಿಸಿದರು. ವಚನಗಳು ಶರಣರವು, ಒಂದಕ್ಕೊಂದು ಉತ್ತರವಾಗಿ ನಿಂತ ಕ್ರಮ ಮಹಾದೇವಯ್ಯನವರದು. ಅದನ್ನು ಸುಳ್ಳೆನ್ನುವವರಾರು? ನನ್ನದು ಅಂಥ ದೊಡ್ಡ ಕೆಲಸವಲ್ಲ. ಮಳೆ ನಿಜ, ಕೊಡೆ ನಿಜ. ಹಿಡಿದ ಕೈಯೊಂದನ್ನು ಮಾತ್ರ ಹುಡುಗನ ಹಂಬಲ ಬದಲಿಸಿತ್ತು. ಪಾಪ, ಮಾವನವರಿಗೆ ಸಲ್ಲಬೇಕಾದ ಕೃತಜ್ಞತೆ ಸಲ್ಲಲೇ ಇಲ್ಲ.

ಊರಿಗೆ ಹೊರಡುವಾಗ ಅಕ್ಕ ಕೇಳಿದಳು: "ಆ ದಿನ ಮಲಗಿದ್ದಲ್ಲಿಂದಲೇ ಅಪ್ಪ ನಿನ್ನ ಹಣೆಗೆ ವಿಭೂತಿ ಹಚ್ಚಿ ಕಳಿಸಿದರು. ಅದು ನೆನಪಿಲ್ಲವೇನೋ?"

ಇಲ್ಲ. ಎಷ್ಟು ತಡಕಿದರೂ ಇಲ್ಲ. ಆದರೆ ಅಂದಿನಿಂದ ಬೆಳಗಿನ ಪೂಜೆಗೆ ಕುಳಿತಾಗಲೆಲ್ಲ ಆ ಬೆರಳುಗಳು ನನ್ನ ಹಣೆಯ ಕಡೆಗೆ ನಡುಗುತ್ತ ಬರುವುದು ಕಾಣುತ್ತದೆ. ನಡುಗುತ್ತಿದ್ದವೆಂದು ಅಕ್ಕ ಹೇಳಿರಲಿಲ್ಲ.