ಪಡಸಾಲೆಯ ಕುರಿಗಾಹಿ

ಗೋಡೆಗೆ ತೂಗುಹಾಕಿದ ಚಿತ್ರದಲ್ಲಿ ಮನೆಯವರ ಮನಸ್ಸು ಕಾಣುತ್ತದೆ. ಕಡಲನ್ನು ಕಾಣದವರು ಹಡಗಿನ ಚಿತ್ರ ತರುತ್ತಾರೆ. ಪಟ್ಟಣದ ಇಕ್ಕಟ್ಟಿನಲ್ಲಿ ಬಾಳುವವರು ಹೊಳೆ, ಗುಡಿಸಲು, ಹಸುರು ಬಯಲುಗಳನ್ನು ತರುತ್ತಾರೆ. ಚಂದಾಪುರದ ನಮ್ಮ ಮನೆಯ ಪಡಸಾಲೆಯಲ್ಲಿರುವವನು ಫ್ರಾನ್ಸಿನ ಒಬ್ಬ ಕುರಿಗಾಹಿ. ನಿಶ್ಚಿಂತೆಯಿಂದ ಕುಳಿತು ಹುಡುಗಿಯೊಬ್ಬಳಿಗೆ ದ್ರಾಕ್ಷಿ ತಿನ್ನಿಸುತ್ತಿದ್ದಾನೆ. 1749ರಲ್ಲಿ ಫ್ರಾಂಸ್ವಾ ಬೂಷೆ ಬರೆದ ಇದರ ಮೂಲಚಿತ್ರ ಲಂಡನ್ನಿನ ವ್ಯಾಲೆಸ್ ಸಂಗ್ರಹದಲ್ಲಿದೆ. ನಮ್ಮದು ಅಗ್ಗದ ಮುದ್ರಿತ ಪ್ರತಿ.

ಈ ಶೈಲಿಗೆ ರೊಕೊಕೊ ಎಂದು ಹೆಸರು. ಸಿರಿವಂತರ ಮಹಲುಗಳ ಗೋಡೆ, ಬಾಗಿಲ ಮೇಲ್ಭಾಗಗಳನ್ನು ಸಿಂಗರಿಸುವುದಕ್ಕೆಂದೇ ಇಂಥ ಎಷ್ಟೋ ಚಿತ್ರಗಳು ಹುಟ್ಟಿದುವು. ಇಲ್ಲಿ ಮೋಡಕ್ಕೂ ಗುಲಾಬಿಯ ಛಾಯೆ. ಕುರಿ ಕಾಯುವವರ ಮೈಮೇಲೂ ರೇಷ್ಮೆಯ ಹೊಳಪು. ಬೂಷೆ 1765ರಲ್ಲಿ ದೊರೆಯ ಪ್ರಧಾನ ಚಿತ್ರಕಾರನಾದನು. ಅವನ ಶಿಷ್ಯ ಫ್ರಾಗೊನಾರ್ ಈ ಬಗೆಯನ್ನು ಇನ್ನಷ್ಟು ಲಘುವಾಗಿ, ಲವಲವಿಕೆಯಿಂದ ಮುಂದುವರಿಸಿದನು. ಚಿತ್ರದ ಹಳ್ಳಿ ಸಾಲದೆಂಬಂತೆ, ರಾಣಿ ಮರಿ ಆಂತ್ವಾನೆತ್ 1783ರಲ್ಲಿ ವರ್ಸೇಲ್ಸ್ ಅರಮನೆಯ ಉದ್ಯಾನದಲ್ಲಿ ಹಳ್ಳಿಯೊಂದನ್ನೇ ಕಟ್ಟಿಸತೊಡಗಿದಳು. ಅವಳ ಮನೆ ಹೊರಗೆ ಗ್ರಾಮದ ಸರಳತೆ, ಒಳಗೆ ಅರಮನೆಯ ವೈಭವ! ಆರೇ ವರ್ಷಗಳಲ್ಲಿ ಕ್ರಾಂತಿ ಬಂದಿತು. ಆ ವೈಭವದೊಡನೆ ಈ ಚಿತ್ರಗಳ ಕಾಲವೂ ಮುಗಿಯಿತು.

ನಮ್ಮ ಚಿಂಚೋಳಿಯ ಸೀಮೆಯಲ್ಲಿ ಕುರಿಗಾಹಿಯ ಬಾಳು ಬೇರೆ. ಕೆಂಪು ಜಂಬಿಟ್ಟಿಗೆಯ ನೆಲ, ತೊಗರಿಯ ಹೊಲ, ಅತ್ತ ಚಂದ್ರಂಪಳ್ಳಿ ಜಲಾಶಯವನ್ನು ಸುತ್ತಿದ ಕಾಡು. ಬೇಸಗೆಯಲ್ಲಿ ಮಂದೆ ಹೊಡೆದುಕೊಂಡು ಹೋಗುವವನಿಗೆ ನೀರಿನ ಚಿಂತೆಯೇ ಮೊದಲನೆಯದು. ಅವನ ಹೆಗಲ ಕಂಬಳಿಯೇ ಹಾಸಿಗೆ, ಹೊದಿಕೆ, ಮಳೆಗೆ ಮರೆ.

ಆದುದರಿಂದ, ಕಲಬುರಗಿಯಲ್ಲಿ ಚಿತ್ರಕಲೆ ಕಲಿಯುತ್ತಿರುವ ನನ್ನ ಮಗನಿಗೆ ಈ ಚಿತ್ರವೆಂದರೆ ಸಿಟ್ಟು. "ದುಡಿಮೆಯನ್ನು ಮರೆಮಾಚುವ ಚಿತ್ರವಿದು. ನಮ್ಮ ಮನೆಯಲ್ಲಿ ಇದೇಕೆ?" ಎಂದು ಒಂದು ದಿನ ಮೊಳೆಗೇ ಕೈಯಿಟ್ಟನು.

ನನ್ನ ಅವ್ವ ಬಾಲ್ಯವನ್ನೆಲ್ಲ ಕುರಿಗಳ ಹಿಂದೆ ಕಳೆದವಳು. ಚಿತ್ರ ಬಂದ ದಿನ, "ಇಂವನ ಕಂಬಳಿ ಎಲ್ಲಿ ಅದ? ತೋಳ ಬಂದ್ರ ಏನ್ ಮಾಡ್ತಾನ?" ಎಂದು ನಕ್ಕಿದ್ದಳು. ಈಗ ಮೊಮ್ಮಗನ ಕೈ ಹಿಡಿದು, "ಇರ್ಲಿ ಬಿಡು ತಮ್ಮಾ. ಕುರಿ ಕಾಯೋರು ಒಂದು ಘಳಿಗಿ ಕುಂತಿದ್ದು ಇದರಾಗಾದ್ರೂ ಕಾಣ್ತದ" ಎಂದಳು.

ಮಗ ಸುಮ್ಮನಾದನು. ಅವನ ಮಾತು ಸುಳ್ಳಲ್ಲ. ಬೂಷೆಯ ಕುಂಚ ಬಿಸಿಲನ್ನೂ ಬೆವರನ್ನೂ ಬಿಟ್ಟೇ ಬರೆದಿತ್ತು. ದುಡಿಮೆಯನ್ನು ಅರಿಯದವರಿಗೆ ಆ ವಿರಾಮ ಬರಿಯ ಸೊಗಸಾಗಿತ್ತು. ದುಡಿದು ದಣಿದವಳಿಗೆ ಅದು ತನಗೆ ಸಲ್ಲಬೇಕಾಗಿದ್ದ ಬಾಕಿಯಂತೆ ಕಂಡಿತು. ದೊರೆಗಳ ಮನರಂಜನೆಗಾಗಿ ಬರೆದ ಚಿತ್ರದಲ್ಲಿ ಅವ್ವ ತನ್ನ ಪಾಲನ್ನು ಕಂಡುಕೊಂಡಿದ್ದಳು.

ಮಗನೀಗ ನಮ್ಮ ಸೀಮೆಯ ಕುರಿಗಾಹಿಯನ್ನು ಬರೆಯುತ್ತಿದ್ದಾನೆ. ಬಿಸಿಲಿದೆ, ಕೆಂಪು ನೆಲವಿದೆ, ಹೆಗಲಿಗೆ ಕಂಬಳಿಯೂ ಇದೆ. ಅವ್ವ ಕೇಳಿಕೊಂಡದ್ದು ಒಂದೇ: ಅವನನ್ನು ನಿಲ್ಲಿಸಬೇಡ, ನೆರಳಿನಲ್ಲಿ ಕೂಡಿಸು ಎಂದು. ಅಷ್ಟು ನೆರಳನ್ನು ಕೊಡುವುದು ಸತ್ಯಕ್ಕೆ ಅಪಚಾರವೆಂದು ನನಗೇನೋ ತೋರುವುದಿಲ್ಲ.