ಕಲ್ಲಚ್ಚಿನ ಪುಟ

ಮಂಗಳೂರಿನಲ್ಲಿ 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವು ಬಾಸೆಲ್ ಮಿಶನ್ನಿನವರ ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕಲ್ಲಚ್ಚಿನಲ್ಲಿ ಬಿಡಿ ಅಕ್ಷರವೆಂಬುದಿಲ್ಲ. ಪುಟವೆಲ್ಲ ಒಂದೇ ಚಿತ್ರ. ಅಚ್ಚಿನ ಮೊಳೆಗಳಿಗಾಗಿಯೇ ಪತ್ರಿಕೆಯು ಮರುವರ್ಷ ಬಳ್ಳಾರಿಗೆ ತೆರಳಿತು.

ಕಣ್ಣುಳ್ಳವರಿಗೆ ಈ ಭೇದವು ಅಲ್ಪ. ಅಂಧನಾದ ವಿದ್ಯಾರ್ಥಿಗಾದರೋ ಅದೇ ಸರ್ವಸ್ವ. ಆತನ ಗಣಕಯಂತ್ರವು ಅಕ್ಷರಗಳನ್ನು ಓದಿ ಹೇಳುವುದು. ಚಿತ್ರದ ಮುಂದೆ ಬಹುಮಟ್ಟಿಗೆ ಮೂಕ. ವಿಶ್ವವಿದ್ಯಾನಿಲಯವೊಂದು ಪಠ್ಯದ ಹಾಳೆಗಳ ಛಾಯೆಯನ್ನಷ್ಟೇ ಜಾಲದಲ್ಲಿರಿಸಿದರೆ ಅದು ಮರಳಿ ಕಲ್ಲಚ್ಚೇ ಸರಿ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡದ ಗತಿ ಇನ್ನೂ ವಿಚಿತ್ರ: ತೆರೆಯ ಮೇಲೆ ಕನ್ನಡ, ಒಳಗೆ ರೋಮನ್ ಸಂಕೇತ; ಯಂತ್ರವು ಅರ್ಥವಿಲ್ಲದ್ದನ್ನು ಬಡಬಡಿಸುವುದು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದೆ. ಬೆಲೆಯಿಲ್ಲದೆ ದೊರೆಯುವ ಎನ್‌ವಿಡಿಎ ವಾಚಕವು ಕನ್ನಡವನ್ನು ನುಡಿಯಬಲ್ಲುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಉಂಟು.

ಆದುದರಿಂದ ಕೊರತೆ ಯಂತ್ರದ್ದಲ್ಲ. ಗಣಕದಲ್ಲಿ ಸಿದ್ಧವಿರುವ ಮೂಲಪ್ರತಿಯನ್ನು ಕಾಗದಕ್ಕಿಳಿಸಿ, ರುಜು ಮೊಹರುಗಳನ್ನೊತ್ತಿ, ಪುನಃ ಚಿತ್ರವಾಗಿಸುವ ಕಚೇರಿಯ ರೂಢಿಯದು. ಮೊಹರಿನ ಗೌರವ ಮೊಹರಿಗಿರಲಿ, ಮೂಲಪ್ರತಿಯನ್ನೂ ಜತೆಗಿರಿಸಬಾರದೇ? ಅದುವರೆಗೆ ಆ ವಿದ್ಯಾರ್ಥಿಯು ಓದಿಹೇಳುವ ಸಹಪಾಠಿಯೊಬ್ಬನ ಬಿಡುವಿಗಾಗಿ ಕಾಯಬೇಕು. ಪರೀಕ್ಷೆ ಸಮೀಪಿಸಿದಾಗ ಸಹಪಾಠಿಗೂ ಬಿಡುವಿರದು.