ರಂಗನತಿಟ್ಟಿಗೆ ನಾಲ್ಕು ಸೈಕಲ್ಲು

ನಮ್ಮ ಮನೆಯವರು ನಂಜನಗೂಡಿಗೆ ಹೋಗಿ ಸಂಜೆಯೊಳಗೆ ವಾಪಸಾಗುವುದಿದ್ದರೂ ಕಾರಿನ ಡಿಕ್ಕಿ ಮುಚ್ಚಲು ಇಬ್ಬರು ಬೇಕು. ಜಮಖಾನ, ಫ್ಲಾಸ್ಕು, ಮೊಸರನ್ನದ ಡಬ್ಬಿ, ಮೊಸರನ್ನ ಹುಳಿಯಾದೀತೆಂದು ಬೇರೆಯಾಗಿ ಹಾಲು, ವಾಂತಿ ಬಂದರೆ ಇರಲಿ ಎಂದು ನಿಂಬೆಹಣ್ಣು, ಮಳೆ ಬಂದರೆ ಇರಲಿ ಎಂದು ಕೊಡೆ, ಬಿಸಿಲಾದರೂ ಅದೇ ಕೊಡೆ. ‘ಇರಲಿ’ ಎಂಬ ಒಂದು ಮಾತಿನ ಮೇಲೆ ನಮ್ಮ ಪ್ರಯಾಣಗಳೆಲ್ಲ ನಡೆಯುವುದು. ಇಂಥ ಮನೆಯಲ್ಲಿ ಸಂಕ್ರಾಂತಿಯ ರಾತ್ರಿ, ಬೀದಿಯಲ್ಲೆಲ್ಲ ಎಳ್ಳು ಬೀರಿ ಬಂದು ಕೂತ ಎಂಟು ವರ್ಷದ ಮಗಳು, “ಅಪ್ಪ, ನಾವೆಲ್ಲ ಸೈಕಲ್ಲಲ್ಲಿ ರಂಗನತಿಟ್ಟಿಗೆ ಹೋಗೋಣ” ಎಂದಳು. ಸಿಹಿ ಪೊಂಗಲಿನ ಮಂಪರಿನಲ್ಲಿದ್ದ ನಾನು ಹೂಂ ಅಂದುಬಿಟ್ಟೆ. ಮುಂದಿನ ವಾರದ ಭಾನುವಾರ ಎಂದು ದಿನವೂ ಗೊತ್ತಾಯಿತು.

“ಬಸ್ಸಿಲ್ಲವೇನೋ?” ಎಂದರು ಅಮ್ಮ.

ಬಸ್ಸೂ ಇದೆ, ಕಾರೂ ಇದೆ. ಆದರೆ ಮಗಳಿಗೆ ಶಾಲೆಯಲ್ಲಿ ಹಕ್ಕಿಗಳ ಪ್ರಾಜೆಕ್ಟು. ಸಲೀಂ ಅಲಿ ಹೇಳಿ 1940ರಲ್ಲಿ ಆ ನಡುಗಡ್ಡೆಗಳನ್ನು ಪಕ್ಷಿಧಾಮ ಮಾಡಿಸಿದರೆಂದು ಟೀಚರ್ ಹೇಳಿದ್ದರಂತೆ. ಸಲೀಂ ಅಲಿ ಕಾರಿನಲ್ಲಿ ಕೂತು ಹಕ್ಕಿ ನೋಡಲಿಲ್ಲ ಎಂಬುದು ಇವಳೇ ಸೇರಿಸಿಕೊಂಡ ಮಾತು.

ಮೊದಲು ಸೈಕಲ್ಲುಗಳ ಲೆಕ್ಕ. ನನ್ನದು 2020ರ ಲಾಕ್‌ಡೌನಿನ ಸಂತಾನ. ಆ ವರ್ಷ ಊರಿಗೆ ಊರೇ ಆರೋಗ್ಯದ ಹಿಂದೆ ಬಿದ್ದು ಅಂಗಡಿಗಳಲ್ಲಿ ಸೈಕಲ್ ಸಿಗುವುದೇ ಕಷ್ಟವಾಗಿತ್ತು. ನಾನೂ ಸಾಲಿನಲ್ಲಿ ನಿಂತು ಗೇರಿನದೊಂದು ತಂದೆ. ಮೂರು ತಿಂಗಳು ತುಳಿದೆ. ಆಮೇಲೆ ಅದು ಬಾಲ್ಕನಿ ಸೇರಿ ಬಟ್ಟೆ ಒಣಹಾಕುವ ಕೆಲಸ ಹಿಡಿಯಿತು. ಹ್ಯಾಂಡಲ್ಲಿಗೆ ಎರಡು ಟವಲು, ಬಾರಿಗೆ ಒಂದು ಪಂಚೆ, ಸೀಟಿಗೆ ಮಗನ ಬನಿಯನ್ನು. ಆ ಕೆಲಸದಲ್ಲಿ ಅದರ ಮೇಲೆ ಇದುವರೆಗೆ ದೂರು ಬಂದಿಲ್ಲ. ಹತ್ತನೇ ಕ್ಲಾಸಿನ ಮಗನಿಗೆ ಅವನದೇ ಇದೆ, ಬ್ರೇಕೊಂದು ಬಿಟ್ಟು ಮಿಕ್ಕೆಲ್ಲ ಚೆನ್ನಾಗಿದೆ. ಮಗಳದು ಇಪ್ಪತ್ತು ಇಂಚಿನ ಚಕ್ರದ ಗುಲಾಬಿ ಸೈಕಲ್ಲು. ಇಲ್ಲದಿದ್ದುದು ಹೆಂಡತಿಗೆ. ನಮ್ಮ ಮೈಸೂರಿನಲ್ಲಿ 2017ರಿಂದ ‘ಟ್ರಿಣ್ ಟ್ರಿಣ್’ ಸೈಕಲ್ಲುಗಳಿವೆ, ಒಂದು ನಿಲ್ದಾಣದಲ್ಲಿ ಎತ್ತಿಕೊಂಡು ಇನ್ನೊಂದರಲ್ಲಿ ಬಿಡಬಹುದು. ಅದನ್ನೇ ತರೋಣವೇ ಎಂದೆ. “ಅದು ಊರೊಳಗೆ ಓಡಾಡೋಕೆ ಕಣ್ರೀ” ಎಂದವಳು ನಾಗಮಂಗಲದ ಅಣ್ಣನಿಗೆ ಫೋನು ಮಾಡಿದಳು.

ಮೂರನೇ ದಿನ ತೆಂಗಿನಕಾಯಿ ತರುವ ಲಗೇಜ್ ಆಟೋದಲ್ಲಿ ಅಣ್ಣನ ಮಗಳ ಸೈಕಲ್ಲು ಬಂದಿಳಿಯಿತು. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು. ಹುಡುಗಿ ಕಾಲೇಜು ಸೇರಿದ ಮೇಲೆ ಕೊಟ್ಟಿಗೆಯಲ್ಲಿ ನಿಂತಿತ್ತು. ಮುಂದಿನ ಬುಟ್ಟಿಯಲ್ಲಿ ಕೋಳಿಯೊಂದು ಮೊಟ್ಟೆಯಿಟ್ಟ ಗುರುತಿಗೆ ಒಣಹುಲ್ಲು ಇನ್ನೂ ಇತ್ತು. ಈ ಸೈಕಲ್ ಕೊಡುವುದು ಶುರುವಾದದ್ದು 2006-07ರಲ್ಲಿ. ನನ್ನವಳು ಹೈಸ್ಕೂಲು ಮುಗಿಸಿ ಆಗಲೇ ಎಷ್ಟೋ ವರ್ಷವಾಗಿತ್ತು. “ನಮ್ಮ ಕಾಲಕ್ಕೆ ಯಾರೂ ಕೊಡಲಿಲ್ಲ. ಅಣ್ಣ ಮಧ್ಯಾಹ್ನ ಮಲಗಿದಾಗ ಅವನದನ್ನ ಕದ್ದು, ಒಳಪೆಡಲ್ ಹೊಡೆದು ಕಲಿತೆ” ಎಂದಳು. ಹದಿನೇಳು ವರ್ಷದ ಸಂಸಾರದಲ್ಲಿ ಈ ಕಳ್ಳತನ ನನಗೆ ಗೊತ್ತಾದದ್ದು ಅವತ್ತೇ.

ಆ ರಾತ್ರಿ ಹತ್ತು ಗಂಟೆಗೆ, ಎದುರು ಮನೆಯ ದೀಪ ಆರಿದ ಮೇಲೆ, ಇಬ್ಬರೂ ಬೀದಿಗಿಳಿದೆವು. ಅವಳು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿ, ಪೆಡಲನ್ನು ಕಾಲ್ಬೆರಳಲ್ಲಿ ಮೇಲಕ್ಕೆ ತಂದು ನಿಲ್ಲಿಸಿದಳು. “ಸೀಟು ಹಿಡ್ಕೊಳ್ಳಲಾ?” ಎಂದೆ. “ನೀವು ಪಕ್ಕಕ್ಕೆ ನಿಂತ್ಕೊಳ್ಳಿ, ಅಷ್ಟು ಸಾಕು.” ಮೊದಲ ಹತ್ತು ಮಾರು ಹ್ಯಾಂಡಲ್ಲು ಹಾವಿನಂತೆ ಹರಿಯಿತು. ಆಮೇಲೆ ನೆಟ್ಟಗಾಯಿತು. ಬೀದಿಯ ಕೊನೆಯ ತಿರುವಿನಲ್ಲಿ ಅಗತ್ಯವೇ ಇಲ್ಲದೆ ಎರಡು ಸಲ ಬೆಲ್ ಹೊಡೆದಳು. ಎರಡು ನಾಯಿ ಎದ್ದವು, ಎದುರು ಮನೆಯ ದೀಪ ಮತ್ತೆ ಹತ್ತಿತು. ವಾಪಸು ಬಂದು ಇಳಿಯದೆಯೇ ಇನ್ನೊಂದು ಸುತ್ತು ಹೋದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ನಾಲ್ಕನ್ನೂ ಸೈಕಲ್ ಶಾಪಿನ ಭಾಯಿಯ ಮುಂದೆ ನಿಲ್ಲಿಸಿದಾಗ ಅವರು ಒಂದೊಂದರ ಹಿಂದಿನ ಚಕ್ರ ಎತ್ತಿ ತಿರುಗಿಸಿ, ಕಿವಿಗೊಟ್ಟು ಕೇಳಿ, “ನಾಲ್ಕಕ್ಕೂ ಓವರಾಯಿಲ್ ಮಾಡ್ಬೇಕು ಸಾರ್” ಎಂದರು. ಬಿಡಿಬಿಡಿಯಾಗಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸುವ ಕೆಲಸಕ್ಕೆ ಇಂಗ್ಲಿಷಿನವರ ಹೆಸರು ಬೇರೆಯೇ. ಕೊನೆಯಲ್ಲಿ ಎಣ್ಣೆ ಬಿಡುವುದರಿಂದ ನಮ್ಮ ಮೆಕ್ಯಾನಿಕ್ಕುಗಳು ಅದನ್ನು ಓವರಾಯಿಲ್ ಮಾಡಿಕೊಂಡರು. ನನಗೆ ಇದೇ ಸರಿಯಾದ ಹೆಸರೆನಿಸುತ್ತದೆ. ಮಗನ ಟೈರಿನಲ್ಲಿ ಪಂಕ್ಚರ್ ಇತ್ತು. ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಗೇಣು ಗೇಣಾಗಿ ಮುಳುಗಿಸುತ್ತ ಹೋದಾಗ ಒಂದು ಕಡೆ ಸಾಸಿವೆ ಗಾತ್ರದ ಗುಳ್ಳೆ ಎದ್ದಿತು. ಒರೆಸಿ, ಉಜ್ಜಿ, ಸೊಲ್ಯೂಷನ್ ಸವರಿ, ಊದಿ ಆರಿಸಿ ಪ್ಯಾಚು ಒತ್ತಿದರು. ಮುಗಿಯಿತೆಂದು ನಾನು ಜೇಬಿಗೆ ಕೈಹಾಕಿದರೆ ಅವರು ಬರಿಯ ಟೈರಿನ ಒಳಗೆ ಬೆರಳಾಡಿಸುತ್ತಲೇ ಇದ್ದರು. ಕೊನೆಗೆ ಕಾಲಂಗುಲದ ಜಾಲಿಮುಳ್ಳು ಬಂತು. “ಇದನ್ನ ಬಿಟ್ಟು ಪ್ಯಾಚ್ ಹಾಕಿದ್ರೆ ಬೆಳಗಾದರೆ ಇನ್ನೊಂದು ಪ್ಯಾಚು, ಅಷ್ಟೇ.” ನನ್ನ ಸೀಟನ್ನೂ ಎರಡು ಅಂಗುಲ ಎತ್ತಿಸಿದರು. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕಂತೆ. ನಾನು ಆ ಮೂರು ತಿಂಗಳೂ ಕಕ್ಕಸಿನಲ್ಲಿ ಕೂತ ಹಾಗೆ ಮಂಡಿ ಮಡಿಸಿಕೊಂಡು ತುಳಿದಿದ್ದೆ. ಸೈಕಲ್ ಬಿಟ್ಟದ್ದಕ್ಕೆ ಸೋಮಾರಿತನ ಕಾರಣವೆಂದು ಮನೆಯಲ್ಲಿ ಹೇಳುತ್ತಿದ್ದರು. ಮಂಡಿನೋವು ಕಾರಣವೆಂದು ನಾನು ಹೇಳುತ್ತಿದ್ದೆ. ಭಾಯಿ ನನ್ನ ಪರ ತೀರ್ಪು ಕೊಟ್ಟರು.

ಅಂಗಡಿಯ ಗೋಡೆಯಲ್ಲಿ ಮೊಳೆಗೆ ಸಿಕ್ಕಿಸಿದ್ದ ಹಳೆಯ ತಗಡಿನ ಬಿಲ್ಲೆಯೊಂದನ್ನು ಮಗ ನೋಡಿ ಏನೆಂದು ಕೇಳಿದ. ಪುರಸಭೆಗೆ ವರ್ಷವರ್ಷ ತೆರಿಗೆ ಕಟ್ಟಿ ಸೈಕಲ್ಲಿಗೆ ಇದನ್ನು ಹಾಕಿಸಬೇಕಿತ್ತು, ಬಿಲ್ಲೆಯಿಲ್ಲದೆ ಸಿಕ್ಕಿಬಿದ್ದರೆ, ರಾತ್ರಿ ಡೈನಮೊ ದೀಪವಿಲ್ಲದಿದ್ದರೆ ದಂಡ ಎಂದೆ. ಅವನು ನಂಬಲಿಲ್ಲ. ಭಾಯಿ ಸಾಕ್ಷಿ ನುಡಿದ ಮೇಲೂ ಪೂರ್ತಿ ನಂಬಿದಂತೆ ಕಾಣಲಿಲ್ಲ.

ಗುರುವಾರ ಸಂಜೆ ಯಾದವಗಿರಿಯ ಸುತ್ತ ಒಂದು ರಿಹರ್ಸಲ್ಲು. ಮಗ ಮುಂದೆ ಹಾರಿದ, ನಾನು ಅವನ ಬೆನ್ನಟ್ಟಿದೆ, ಹಿಂದಿರುಗಿ ನೋಡಿದರೆ ಅಮ್ಮ ಮಗಳು ಇಲ್ಲವೇ ಇಲ್ಲ. ಒಂದು ಗೇಟಿನ ಮುಂದೆ ಸಂಪಿಗೆ ಮರದ ಕೆಳಗೆ ಕೂತಿದ್ದರು. “ನೀವು ಒಂದ್ಸಲ ತುಳಿದರೆ ನಾನು ಎರಡು ಸಲ ತುಳೀಬೇಕು” ಎಂದಳು ಮಗಳು, ಕಣ್ಣಲ್ಲಿ ನೀರು. ಮನೆಗೆ ಬಂದು ಮಗ ಲೆಕ್ಕ ಹಾಕಿದ. ಇಪ್ಪತ್ತು ಇಂಚಿನ ಚಕ್ರ ಒಂದು ಸುತ್ತಿಗೆ ಹೋಗುವುದು ಸುಮಾರು 1.6 ಮೀಟರ್. ಅಮ್ಮನ ದೊಡ್ಡ ಚಕ್ರ ಎರಡು ಮೀಟರಿಗಿಂತ ಹೆಚ್ಚು. ರಂಗನತಿಟ್ಟು ಹೆಚ್ಚುಕಡಿಮೆ 20 ಕಿಲೋಮೀಟರ್. ದೊಡ್ಡ ಚಕ್ರ ಒಂಬತ್ತು ಸಾವಿರ ಚಿಲ್ಲರೆ ಸುತ್ತಿನಲ್ಲಿ ತಲುಪಿದರೆ ತಂಗಿಯದು 12,500 ಸುತ್ತು ಸುತ್ತಬೇಕು. ಅಣ್ಣ ಎಂಬವನು ಇದನ್ನು ಕಾಗದದ ಮೇಲೆ ಬರೆದು ಎರಡು ನಿಮಿಷ ಸುಮ್ಮನೆ ಕೂತ. ಆಮೇಲೆ ಅವಳೇ ಮುಂದೆ, ಅವಳ ಹಿಂದೆ ಅಮ್ಮ, ತಾನು, ಕೊನೆಗೆ ಅಪ್ಪ ಎಂದು ಸಾಲು ನಿಗದಿ ಮಾಡಿದ. ಮುಂದೆ ಹೋಗುವವರನ್ನು ಯಾರೂ ದಾಟುವ ಹಾಗಿಲ್ಲ.

ದಾರಿಯ ವಿಷಯದಲ್ಲಿ ಚರ್ಚೆ ಬೆಳೆಯಲಿಲ್ಲ. ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೇ ಪ್ರವೇಶವಿಲ್ಲ, ಇನ್ನು ನಮಗೆಲ್ಲಿ? ಒಂಟಿಕೊಪ್ಪಲಿನಿಂದ ಕೆ.ಆರ್.ಎಸ್. ರಸ್ತೆ ಹಿಡಿದು ಬೆಳಗೊಳ, ಪಾಲಹಳ್ಳಿ. ಎರಡು ಎಚ್ಚರಿಕೆ ಮಾತ್ರ ಭಾಯಿ ಹೇಳಿ ಕಳಿಸಿದ್ದರು. ಒಂದು, ಹುರುಳಿ. ಈ ತಿಂಗಳಲ್ಲಿ ಹಳ್ಳಿರಸ್ತೆಗಳೆಲ್ಲ ಕಣವಾಗುತ್ತವೆ. ರಸ್ತೆಗೆ ಹರವಿದ ಹುರುಳಿಯ ಬಳ್ಳಿ ಚೈನಿಗೂ ಅಚ್ಚಿಗೂ ಸುತ್ತಿಕೊಂಡರೆ ಬಿಡಿಸಲು ಚಾಕು ಬೇಕು, ಆದ್ದರಿಂದ ಅಲ್ಲಿ ಇಳಿದು ತಳ್ಳಬೇಕು. ಇನ್ನೊಂದು, ಏರು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರಿದ್ದರೆ ಶ್ರೀರಂಗಪಟ್ಟಣದ ಕಡೆ 680ರ ಆಸುಪಾಸು. ಕಾರಿನಲ್ಲಿ ಇಷ್ಟು ವರ್ಷ ಓಡಾಡಿದರೂ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಹೋಗುವಾಗ ಹೊಳೆಯ ಕಡೆಗೆ ಇಳಿಯುವ ಸುಖ. ಬರುವಾಗ, ಹಸಿದು, ಬಿಸಿಲಲ್ಲಿ, ಆ ಎಂಬತ್ತು ಮೀಟರನ್ನು ಮಂಡಿಯಿಂದ ತೀರಿಸಬೇಕು. ತೆಂಗಿನಕಾಯಿ ಆಟೋದವನಿಗೆ ಫೋನು ಮಾಡಿ, ಹನ್ನೊಂದು ಗಂಟೆಗೆ ಪಾಲಹಳ್ಳಿಗೆ ಬರಲು ಹೇಳಿದೆ. ಮಗ ಇದನ್ನು ಮೋಸ ಎಂದ. ಮಗಳ ಚಕ್ರದ ಲೆಕ್ಕದ ಕಾಗದ ತೋರಿಸಿದೆ, ಸುಮ್ಮನಾದ.

ಇನ್ನು ಸಾಮಾನು. ಕಾರಿನಲ್ಲಿ ‘ಇರಲಿ’ ಎಂದದ್ದನ್ನು ಪೆಟ್ರೋಲು ಹೊರುತ್ತದೆ, ಸೈಕಲ್ಲಿನಲ್ಲಿ ತೊಡೆ ಹೊರಬೇಕು. ಹಳೇ ಪೇಪರಿನವನು ತರುತ್ತಾನಲ್ಲ, ಅಂಥ ಕೊಕ್ಕೆ ತಕ್ಕಡಿಯೊಂದು ನಮ್ಮಲ್ಲಿತ್ತು. ಶನಿವಾರ ರಾತ್ರಿ ಅದನ್ನು ಅಡುಗೆಮನೆಯ ಬಾಗಿಲಿಗೆ ನೇತುಹಾಕಿದೆ. ಫ್ಲಾಸ್ಕು ಕಾಫಿಸಮೇತ ಒಂದೂವರೆ ಕೆ.ಜಿ., ಅದು ಹೋಯಿತು. ದಾರಿಯಲ್ಲಿ ಹೋಟೆಲಿದೆ. ಜಮಖಾನ ತಕ್ಕಡಿಗೆ ಹಾಕುವ ಮೊದಲೇ ಹೋಯಿತು. ಮಗ ಅಂಗಡಿಯಿಂದ ತಂದ ಎನರ್ಜಿ ಬಾರುಗಳನ್ನು ಹೆಂಡತಿ ತಿರುಗಿಸಿ ಓದಿ, “ಎಳ್ಳು, ಕಡಲೆಬೀಜ, ಸಕ್ಕರೆ ಪಾಕ. ಇದಕ್ಕೆ ಒಂದಕ್ಕೆ ಐವತ್ತು ರೂಪಾಯಾ?” ಎಂದಳು. ಅವೂ ಹೋದವು. ಉಳಿದದ್ದು ಮೂರು ನೀರಿನ ಬಾಟಲು, ಟೋಪಿ, ಬ್ಯಾಂಡೇಜು, ಗಾಳಿ ಪಂಪು, ದುರ್ಬೀನು, ಮಗಳ ನೋಟ್‌ಬುಕ್ಕು. ಕೊಡೆ ಇಲ್ಲದೆ ನಮ್ಮ ಸಂಸಾರ ಊರ ಗಡಿ ದಾಟುವುದು ಇದೇ ಮೊದಲು.

ಅಮ್ಮ ಇದನ್ನೆಲ್ಲ ದಿವಾನದ ಮೇಲೆ ಕೂತು ನೋಡುತ್ತಿದ್ದರು. ಅವರು ಬರುವ ಹಾಗಿಲ್ಲ, ಮನೆಗೆ ಕಾವಲು. ಹತ್ತೂವರೆಗೆ ಎದ್ದು ಬಂದು ಸ್ಟೀಲ್ ಡಬ್ಬಿಯೊಂದನ್ನು ಕೊಕ್ಕೆಗೆ ತಾವೇ ಸಿಕ್ಕಿಸಿದರು. ಸಂಕ್ರಾಂತಿಯಲ್ಲಿ ಮಿಕ್ಕ ಎಳ್ಳುಬೆಲ್ಲ. ಕೊಬ್ಬರಿ, ಬೆಲ್ಲದ ಅಚ್ಚು, ಹುರಿಗಡಲೆ, ಎಲ್ಲ ಕೈಯಲ್ಲೇ ಹೆಚ್ಚಿದ್ದು. ಮುಳ್ಳು ಒಂದು ಕೆ.ಜಿ. ದಾಟಿತು. “ಡಬ್ಬಿಯೇ ಅರ್ಧ ತೂಕ ಅಮ್ಮ” ಎಂದೆ. “ಹಾಗಾದರೆ ಕವರಿಗೆ ಹಾಕ್ಕೋ. ನಿಮ್ಮಪ್ಪ ಇದನ್ನ ಜೇಬಲ್ಲಿ ಹಾಕ್ಕೊಂಡು ಸೈಕಲ್ಲಲ್ಲೇ ಟಿ. ನರಸೀಪುರಕ್ಕೆ ಡ್ಯೂಟಿಗೆ ಹೋಗ್ತಿದ್ದರು.” ಕವರಿಗೆ ಹಾಕಿಕೊಂಡೆ. ಕೋಳಿಯ ಬುಟ್ಟಿಯಲ್ಲಿ ಅದಕ್ಕೆ ಜಾಗವಾಯಿತು.

ಭಾನುವಾರ ಐದೂವರೆಗೆ ಬಾಗಿಲು ತೆಗೆದರೆ ಅದೇ ಸೈಕಲ್ಲಿನ ಮುಂದಿನ ಚಕ್ರ ನೆಲಕ್ಕೆ ಕೂತಿತ್ತು. ಪಂಪು ಹೊಡೆದೆ, ಹತ್ತು ನಿಮಿಷಕ್ಕೆ ಮತ್ತೆ ಕೂತಿತು. ನಾಲ್ಕು ಜನ ಹೆಲ್ಮೆಟ್ ಹಾಕಿಕೊಂಡು ಕತ್ತಲಲ್ಲಿ ಒಂದು ಚಕ್ರವನ್ನು ಸುತ್ತುವರಿದು ನಿಂತಿದ್ದೆವು. ಭಾನುವಾರ ಭಾಯಿಗೆ ರಜೆ. ಆಗ ಪೇಪರ್ ಹುಡುಗ ಬಂದ. ಸೈಕಲ್ ಸ್ಟ್ಯಾಂಡ್ ಹಾಕಿ, ವಾಲ್ವು ಬಿಚ್ಚಿ ನೋಡಿ, “ಮುಳ್ಳಲ್ಲ ಸಾರ್, ವಾಲ್‌ಟ್ಯೂಬ್ ಹೋಗಿದೆ” ಎಂದ. ಕೊಟ್ಟಿಗೆಯಲ್ಲಿ ನಿಂತು ನಿಂತು ಒಣಗಿ ಸೀಳಿತ್ತು. ಜೇಬಿನಿಂದ ಎಳೆಯಂಥ ರಬ್ಬರ್ ಕೊಳವೆ ತೆಗೆದು, ಒಂದು ಅಂಗುಲ ಹಲ್ಲಿನಲ್ಲೇ ಕಡಿದು, ನಾಲಿಗೆಯಿಂದ ಒದ್ದೆ ಮಾಡಿ ಕಡ್ಡಿಗೆ ಏರಿಸಿದ. ಗಾಳಿ ನಿಂತಿತು. ದುಡ್ಡು ಬೇಡವೆಂದ, ಮಗಳು ಅವನ ಕೈತುಂಬ ಎಳ್ಳುಬೆಲ್ಲ ಸುರಿದಳು. ಆರೂಕಾಲಿಗೆ ಗುಲಾಬಿ ಸೈಕಲ್ಲು ಮುಂದೆ, ನಾವು ಹಿಂದೆ.

ನೀವೂ ಹೊರಡುವವರಾದರೆ ಒಂದು ಗೇಣು ವಾಲ್‌ಟ್ಯೂಬ್ ಮರೆಯದೆ ಇಟ್ಟುಕೊಳ್ಳಿ. ಕೊಕ್ಕೆ ತಕ್ಕಡಿಗೆ ಹಾಕಿ ನೋಡಿದ್ದೇನೆ, ಮುಳ್ಳು ಅಲುಗುವುದಿಲ್ಲ.